ಹತ್ತೊಂಬತ್ತು ಮೆಟ್ಟಿಲ ಮೇಲಿನ ಮಿಸ್

ಕನ್ನಂಬಾಡಿ ಕಟ್ಟೆಯಲ್ಲಿ ಇವತ್ತು ಎಷ್ಟಡಿ ನೀರು ಎಂಬುದನ್ನು ಮೈಸೂರಿನವರು ಪತ್ರಿಕೆಯಲ್ಲಿ ನೋಡುತ್ತಾರೆ. ನಮ್ಮ ಮಿಸ್ ತಮ್ಮ ಕಾಲಿನಲ್ಲಿ ನೋಡಿಕೊಳ್ಳುತ್ತಿದ್ದರು. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ, ಬೆರಳು ತೆಗೆದು, ಬಿದ್ದ ಗುಳಿ ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆಂದು ಕಾಯುವರು. ಬಾವು ಪಾದದ ಹರಡಿನ ಹತ್ತಿರ ನಿಂತಿದ್ದರೆ "ಎಂಬತ್ತಡಿ" ಎನ್ನುವರು. ಮೀನಖಂಡಕ್ಕೆ ಏರಿದ್ದರೆ ನೂರು. ಮಂಡಿ ಮುಟ್ಟಿದ ದಿನ, "ನೂರ ಇಪ್ಪತ್ನಾಲ್ಕು ಕಣಮ್ಮ. ಕಟ್ಟೆ ಭರ್ತಿ. ಇನ್ನು ತೂಬು ಎತ್ತೋರು ಬರಬೇಕು" ಎಂದು ನಗುವರು. ನಗು ಅರ್ಧಕ್ಕೆ ನಿಲ್ಲುತ್ತಿತ್ತು. ಪೂರ್ತಿ ನಗುವುದಕ್ಕೆ ಉಸಿರು ಸಾಲದು.

ಹೋದ ವರ್ಷ ಆಷಾಢದಲ್ಲಿ ಅವರು ತೀರಿಕೊಂಡರು. ಶಾಲೆಯವರು ತಮ್ಮ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದರು. ಭೂಗೋಳವನ್ನು ಮನಮುಟ್ಟುವಂತೆ ಹೇಳಿಕೊಡುತ್ತಿದ್ದರು, ಶಿಸ್ತಿನವರಾಗಿದ್ದರು, ದೀರ್ಘಕಾಲದ ಅನಾರೋಗ್ಯದಿಂದ ನಿಧನರಾದರು ಎಂದು ಬರೆದುಕೊಟ್ಟೆ. ಮೊದಲ ಎರಡು ಪೂರ್ತಿ ನಿಜ.

ಮಾಧ್ಯಮಿಕ ಶಾಲೆಯಲ್ಲಿ ಮೂರು ವರ್ಷ ಅವರ ತರಗತಿಯಲ್ಲಿ ಕೂತಿದ್ದೆ. ಅವರು ನಕ್ಷೆಯನ್ನು ಗೋಡೆಗೆ ತೂಗುಹಾಕುತ್ತಿರಲಿಲ್ಲ. ಸುತ್ತಿ ಮೂಲೆಯಲ್ಲಿಟ್ಟು, ನದಿಗಳನ್ನು ನೆನಪಿನಿಂದ ಬರೆಯಿರಿ ಎನ್ನುವರು. ಒಮ್ಮೆ ನಾನು ಕಪಿಲೆಯನ್ನು ಕಾವೇರಿಯ ಎಡದಂಡೆಗೆ ತಂದು ಸೇರಿಸಿದ್ದೆ. ಮಿಸ್ ಬೆತ್ತದ ಕೋಲಿನ ತುದಿಯನ್ನು ಅಲ್ಲಿಟ್ಟು, "ಪಾಪ, ನಂಜನಗೂಡು ಬುಟ್ಟು ಮಂಡ್ಯದ ಕಡೆಯಿಂದ ಬಂದ್ಬುಟ್ಟಳಾ ಕಪಿಲೆ? ದಾರಿ ತಪ್ಪಿದವಳನ್ನ ಮನೆಗೆ ಕಳಿಸಮ್ಮ" ಎಂದರು. ತರಗತಿಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಮುಂದೆ ಯಾವ ನದಿಯನ್ನೂ ನಾನು ತಪ್ಪು ದಂಡೆಗೆ ಸೇರಿಸಲಿಲ್ಲ.

ಅವರದು ಹೂಟಗಳ್ಳಿಯ ಆಚೆಯ ಒಂದು ಬೇಸಾಯದ ಮನೆ. ಹುಡುಗಿಯಾಗಿದ್ದಾಗ ತಲೆಯ ಮೇಲೆ ಅಪ್ಪನ ಸೊಪ್ಪಿನ ಗಂಟು, ಕಂಕುಳಲ್ಲಿ ಸ್ಲೇಟು ಹಿಡಿದು ಮೈಸೂರಿಗೆ ನಡೆದು ಬರುತ್ತಿದ್ದರಂತೆ. ಗಂಟನ್ನು ಮಾರುಕಟ್ಟೆಯಲ್ಲಿ ಇಳಿಸಿ ಶಾಲೆಗೆ ಹೋಗುವುದು, ಸಂಜೆ ಮತ್ತೆ ನಡೆದು ಊರಿಗೆ. "ಜಟಕಾ ಕುದುರೆಗಿಂತ ಜಾಸ್ತಿ ನಡೆದಿರೋ ಕಾಲು ಇವು" ಎಂದು ಆಗಾಗ ಹೇಳುತ್ತಿದ್ದರು. ಮದುವೆಯಾಗಲಿಲ್ಲ. ಅಪ್ಪ ಹೋದ ಮೇಲೆ ಊರಿನ ನಂಟೂ ಉಳಿಯಲಿಲ್ಲ.

ನಿವೃತ್ತರಾದ ಮೇಲೆ ಅವರು ನಮ್ಮ ಬೀದಿಯ ವಠಾರದ ಮಹಡಿಯ ಕೋಣೆಗೆ ಬಂದರು. ಕೆಳಗೆ ಅಂಗಳ, ನಲ್ಲಿ, ಸುತ್ತಲೂ ಐದು ಮನೆ. ಮೇಲೆ ಅವರೊಬ್ಬರೇ. ಮೆಟ್ಟಿಲು ಹತ್ತೊಂಬತ್ತು. ಹನ್ನೊಂದನೆಯದರ ಹತ್ತಿರ ಇಕ್ಕಟ್ಟಾದ ತಿರುವು. ಹಗಲಿನಲ್ಲೂ ಅಲ್ಲಿ ಗೋಡೆ ತಡವಿಕೊಂಡೇ ಹೋಗಬೇಕು. ಇಷ್ಟು ಎತ್ತರ ಏಕೆ ಎಂದವರಿಗೆ, "ಕಿಟಕೀಲಿ ಬೆಟ್ಟ ಕಾಣ್ತದೆ, ಇನ್ನೇನು ಬೇಕು?" ಎಂದಿದ್ದರು. ಎರಡು ವರ್ಷ ಆ ಮೆಟ್ಟಿಲುಗಳನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದರು. ಮೂರನೆಯ ವರ್ಷ ಹನ್ನೊಂದನೆಯ ಮೆಟ್ಟಿಲಲ್ಲಿ ಕೂತು ಸುಧಾರಿಸಿಕೊಳ್ಳತೊಡಗಿದರು. ಅದರ ಮುಂದಿನ ವರ್ಷ ಇಳಿಯುವುದು ನಿಂತಿತು.

ಶಾಲೆಯ ಬೆತ್ತದ ಕೋಲು ಅವರ ಮಂಚದ ಪಕ್ಕದಲ್ಲೇ ಇರುತ್ತಿತ್ತು. ಅದರಿಂದ ಕಿಟಕಿ ತೆರೆಯುವರು, ಗೂಟದ ಟವಲು ಎಳೆದುಕೊಳ್ಳುವರು, ನೆಲಕ್ಕೆ ಕುಟ್ಟಿ ಕೆಳಮನೆಯ ಪದ್ದಮ್ಮನನ್ನು ಕರೆಯುವರು. ಎರಡು ಸಲ ಕುಟ್ಟಿದರೆ ನೀರು ಬೇಕು. ಮೂರು ಸಲವಾದರೆ ಯಾರಾದರೂ ಬನ್ನಿ. ಬೆಳಿಗ್ಗೆ ಎದ್ದಕೂಡಲೇ ಒಂದೇ ಒಂದು ಸಲ ಕುಟ್ಟುವರು. ಏನೂ ಬೇಡ, ಇದ್ದೇನೆ ಎಂದು. ಪದ್ದಮ್ಮ ಕಾಫಿ ಸೋಸುತ್ತಲೇ ಸೂರಿನ ಕಡೆ ಮುಖ ಎತ್ತಿ, "ಆಯ್ತು ಮೇಷ್ಟ್ರಮ್ಮ, ಹಾಜರಿ ಹಾಕಿದೆ" ಎಂದು ಕೂಗುವರು.

ನಾನು ಕಾಲೇಜಿನಿಂದ ಬಂದವಳು ಸಂಜೆ ಹೋಗುತ್ತಿದ್ದೆ. ರಕ್ತದೊತ್ತಡಕ್ಕಾಗಿ ಉಪ್ಪು ಮುಟ್ಟಬಾರದೆಂದು ಅವರಿಗೆ ಕಟ್ಟುನಿಟ್ಟಾಗಿದ್ದರಿಂದ ಅಮ್ಮ ಉಪ್ಪಿಲ್ಲದ ಸಾರನ್ನು ಬೇರೆ ತೆಗೆದಿಟ್ಟು ಕಳಿಸುತ್ತಿದ್ದರು. ಮಿಸ್ ಪಾತ್ರೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಹೊಳಪಾಗಿ ಕೊಡುವರು. ಅಮ್ಮ ಅದನ್ನು ಹಿತ್ತಲಲ್ಲಿ ಇಟ್ಟು ಇನ್ನೊಮ್ಮೆ ತೊಳೆದು ಒಳಗೆ ತರುವರು. ಇಬ್ಬರಿಗೂ ನಾನು ಏನೂ ಹೇಳಲಿಲ್ಲ. ಹೇಳದೆ ಇರುವುದು ನನಗೆ ಚಿಕ್ಕಂದಿನಿಂದ ಸುಲಭ.

ಯಾರಾದರೂ ಮನೆಗೆ ಬಂದು ನೋಡುತ್ತಾರೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ "ರೋಗಿಯನ್ನು ಕರೆದುಕೊಂಡು ಬನ್ನಿ" ಎಂದರು. ಸರಿ ಎಂದು ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಹಳೆಯ ಸೀರೆ ಕಟ್ಟಿ, ಪದ್ದಮ್ಮನ ಯಜಮಾನರು ಮೇಲಿನಿಂದ, ಜಟಕಾದ ಸಾಬರು ಕೆಳಗಿನಿಂದ ಹಿಡಿದು ಇಳಿಸತೊಡಗಿದರು. ತಿರುವಿನಲ್ಲಿ ಕುರ್ಚಿಯ ಕಾಲು ಗೋಡೆಗೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅಂಗಳದಲ್ಲಿ ವಠಾರವೆಲ್ಲ ನೆರೆದು "ಎಡಕ್ಕೆ ವಾಲಿಸ್ರೀ", "ಅಯ್ಯೋ ಬಲಕ್ಕೆ ಕಣ್ರೀ" ಎಂದು ಸಲಹೆ ಕೊಡುತ್ತಿತ್ತು. ಮಿಸ್ ಕುರ್ಚಿಯ ಎರಡು ಕೈಗಳನ್ನೂ ಹಿಡಿದು, ತಲೆ ಒಂದು ಪಕ್ಕಕ್ಕೆ ಮಾಡಿ, ಕತ್ತಲೆಯಲ್ಲಿ ತೂಗುತ್ತಿದ್ದರು. ಸೀರೆ ಮೀನಖಂಡದವರೆಗೆ ಸರಿದಿತ್ತು. ಕೈ ಬಿಟ್ಟು ಅದನ್ನು ಸರಿಮಾಡಿಕೊಳ್ಳುವಂತಿರಲಿಲ್ಲ.

"ಸಾಕು, ಮೇಲಕ್ಕೆ ಬುಡ್ರಪ್ಪ. ಈ ದಸರಾ ಸವಾರಿ ಬನ್ನಿಮಂಟಪ ಮುಟ್ಟೋ ಹಂಗೆ ಕಾಣಲ್ಲ" ಎಂದರು.

ಎಲ್ಲರೂ ನಕ್ಕರು. ಸಾಬರಂತೂ ಕಣ್ಣೊರೆಸಿಕೊಂಡು ನಕ್ಕರು. ಮೇಲೆ ತಂದು ಮಂಚದಲ್ಲಿ ಕೂರಿಸಿದ ಮೇಲೆ ಮಿಸ್ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಸೀರೆಯ ಅಂಚನ್ನು ಎಳೆದೆಳೆದು ಪಾದದ ಕೆಳಗೆ ಸೇರಿಸುತ್ತಿದ್ದರು. ಆ ಕುರ್ಚಿಯನ್ನು ಅವತ್ತೇ ಪದ್ದಮ್ಮನ ಮನೆಗೆ ಕೊಟ್ಟುಬಿಟ್ಟರು.

ಉಳಿದದ್ದು ಒಂದೇ ದಾರಿ: ಡಾಕ್ಟರೇ ಬರಬೇಕು. ನಮ್ಮ ಬೀದಿಯ ತುದಿಯ ದವಾಖಾನೆಯ ಡಾಕ್ಟರಿಗೆ ಎಪ್ಪತ್ತು ದಾಟಿತ್ತು, ಮಂಡಿನೋವು ಬೇರೆ. ಆದರೂ ಕರೆದರೆ ಬರುತ್ತಿದ್ದರು. ಕರೆಯಲು ಹೋದವರು ಅವರ ಬ್ಯಾಗನ್ನು ಹಿಡಿದುಕೊಂಡು ಮುಂದೆ ನಡೆಯಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ಹದಿನೈದು ದಿನಕ್ಕೊಮ್ಮೆ ನಾನು ಆ ಕರಿಯ ಚರ್ಮದ ಬ್ಯಾಗು ಹಿಡಿದು ಬೀದಿಯುದ್ದಕ್ಕೂ ನಡೆದು ಬರುತ್ತಿದ್ದೆ. ಜಗಲಿಗಳ ಮೇಲಿನವರು "ಯಾರಿಗಮ್ಮಾ?" ಎಂದು ಕೇಳುವರು. ನಾನು ತಲೆ ತಗ್ಗಿಸಿ ಹೋಗುವೆ. ಹಿಂದಿನಿಂದ ಡಾಕ್ಟರು, "ನಮ್ಮ ಮೇಷ್ಟ್ರಮ್ಮನಿಗೆ ಕಣ್ರೀ" ಎನ್ನುವರು.

ಬ್ಯಾಗು ವಠಾರದ ಬಾಗಿಲು ದಾಟಿತೆಂದರೆ ಐದು ಮನೆಯ ಬಾಗಿಲೂ ತೆರೆದುಕೊಳ್ಳುತ್ತಿದ್ದವು. "ಹೇಗೂ ಬಂದಿದ್ದೀರಲ್ಲ ಡಾಕ್ಟ್ರೇ, ಇವನ ಕಿವಿ ಒಂದ್ಸಲ ನೋಡ್ಬಿಡಿ." "ಹೇಗೂ ಬಂದಿದ್ದೀರಲ್ಲ, ನಮ್ಮತ್ತೆಗೆ ಮೂರು ದಿನದಿಂದ ಹೊಟ್ಟೆ..." ಮೊದಲು ಹಿಡಿಯುವವರು ಪದ್ದಮ್ಮನೇ. ಅವರನ್ನು ದೂರುವುದು ನನಗಾಗದು. ಆ ಹೆಂಗಸರಲ್ಲಿ ಅರ್ಧ ಜನ ದವಾಖಾನೆಯ ಬೆಂಚಿನ ಮೇಲೆ ಗಂಡಸರ ನಡುವೆ ಕೂತು ಕಾಯಲಾರದವರು. ಬೀದಿಗೆ ಬಂದ ಡಾಕ್ಟರೇ ಅವರಿಗೂ ಡಾಕ್ಟರು. ನಾನು ಬ್ಯಾಗು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿರುವೆ. ಮೇಲಿನ ಕಿಟಕಿಯಿಂದ ಮಿಸ್ ಧ್ವನಿ ಬರುವುದು: "ಮಕ್ಕಳನ್ನ ಮೊದಲು ನೋಡಿ ಡಾಕ್ಟ್ರೇ. ನಾನೆಲ್ಲಿ ಹೋಗ್ತೀನಿ?"

ಅಷ್ಟೆಲ್ಲ ಮುಗಿದು ಡಾಕ್ಟರು ಹತ್ತೊಂಬತ್ತು ಮೆಟ್ಟಿಲು ಹತ್ತಿ ಬರುವಾಗ ಉಬ್ಬಸಪಡುವವರು ಅವರೇ ಆಗಿರುತ್ತಿದ್ದರು.

ಡಾಕ್ಟರು ಬರುವ ದಿನ ಮಿಸ್ ಬೆಳಗಿನಿಂದ ಮಾತಾಡುತ್ತಿರಲಿಲ್ಲ. ನಾನು ಒಳಗೆ ಕಾಲಿಟ್ಟರೆ ತುಟಿಯ ಮೇಲೆ ಬೆರಳಿಡುವರು. ಸಂಜೆಯ ಮಾತಿಗೆ ಬೇಕಾದ ಉಸಿರನ್ನು ಬೆಳಿಗ್ಗೆಯಿಂದ ಕೂಡಿಡುತ್ತಿದ್ದರು. ರಾತ್ರಿಗಳಲ್ಲಿ ಮಲಗಲಾರದೆ ಮೂರು ದಿಂಬಿಗೆ ಒರಗಿ ಕೂತೇ ಬೆಳಗು ಮಾಡುವವರು, ಅವತ್ತು ಎರಡು ದಿಂಬನ್ನು ಮಂಚದ ಕೆಳಗೆ ತಳ್ಳಿಸುವರು. ತಲೆ ಬಾಚಿ, ಗಂಜಿ ಹಾಕಿದ ಸೀರೆ ಉಟ್ಟು, ಕಾಲನ್ನು ಮಡಿಸಿ, ಮೇಲೆ ಕಂಬಳಿ ಎಳೆದುಕೊಂಡು, ಪಾಠಕ್ಕೆ ಸಿದ್ಧರಾದಂತೆ ಕೂರುವರು.

"ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ. ಮಂಡಿ ಹೆಂಗಿದೆ?"

"ಅಯ್ಯೋ, ಅದರ ಸುದ್ದಿ ಬೇಡಿ ಮೇಷ್ಟ್ರಮ್ಮ."

"ಎಳ್ಳೆಣ್ಣೆ ಬಿಸಿಮಾಡಿ ತಿಕ್ಕಿಸಿಕೊಂಡ್ರಾ? ಹೋದ ಸಲ ಹೇಳಿದ್ದೆ."

"ತಿಕ್ಕೋರು ಯಾರಿದಾರೆ ಹೇಳಿ. ಡಾಕ್ಟರ ಮನೇಲಿ ಡಾಕ್ಟರ ಮಾತು ಯಾರು ಕೇಳ್ತಾರೆ?"

ನಾನು ಕಾಫಿ ತರಬೇಕು. ಅವರಿಗೆ ಸಕ್ಕರೆ ಎರಡು ಚಮಚ. ಕಾಫಿ, ಮಳೆ, ಕಟ್ಟೆಯ ನೀರು, ಡಾಕ್ಟರ ಮಗಳ ಬಾಣಂತನ. ನಡುವೆ ಎಲ್ಲೋ ಡಾಕ್ಟರು ಸ್ಟೆತಾಸ್ಕೋಪನ್ನು ಸೀರೆಯ ಮೇಲಿನಿಂದಲೇ ಎರಡು ಕಡೆ ಇಟ್ಟು ತೆಗೆಯುವರು. "ಪರವಾಗಿಲ್ಲ, ಗೆಲುವಾಗಿದ್ದೀರಿ. ಅದೇ ಮಿಕ್ಸ್ಚರ್ ಮುಂದುವರಿಸಿ. ನಿಮ್ಮನೆಗೆ ಬಂದ್ರೆ ನನಗೇ ಆರೋಗ್ಯ ಸುಧಾರಿಸುತ್ತೆ." ಎದ್ದು ಹೊರಡುವರು. ಅವರ ಹೆಜ್ಜೆ ಅಂಗಳ ದಾಟುವವರೆಗೆ ಮಿಸ್ ನೆಟ್ಟಗೆ ಕೂತಿರುವರು. ಆಮೇಲೆ ಒಂದೇ ಸಲಕ್ಕೆ ಕುಸಿಯುವರು. ನಾನು ಓಡಿ ದಿಂಬುಗಳನ್ನು ಬೆನ್ನ ಹಿಂದೆ ಸೇರಿಸುವೆ. ತುಟಿ ನೀಲಿಯಾಗಿರುತ್ತಿತ್ತು. ಎರಡು ದಿನ ಮಾತಿಲ್ಲ.

ಒಮ್ಮೆ ಕೇಳಿಯೇಬಿಟ್ಟೆ: "ಕಾಲು ಏಕೆ ತೋರಿಸಲಿಲ್ಲ ಮಿಸ್?"

"ಮನೆಗೆ ಬಂದೋರ ಮುಂದೆ ಕಾಲು ಚಾಚೋದಾ? ಅದೂ ಅಷ್ಟು ವಯಸ್ಸಾದೋರು, ಅಷ್ಟು ಮೆಟ್ಟಿಲು ಹತ್ತಿ ಬಂದೋರು."

"ಅವರು ಡಾಕ್ಟರಲ್ವಾ?"

"ಆಸ್ಪತ್ರೇಲಿ ಡಾಕ್ಟರು. ಇಲ್ಲಿಗೆ ಬಂದ್ರೆ ನೆಂಟರು." ಸ್ವಲ್ಪ ಹೊತ್ತು ಉಸಿರಿಗೆ ಕಾದರು. "ಮತ್ತೆ, ನೋಡಿದ್ರೆ ಆಸ್ಪತ್ರೆಗೆ ಸೇರಿಸಿ ಅಂತಾರೆ. ಸೇರಿಸಿ ಅಂದ್ರೆ ಆ ಕುರ್ಚಿ. ನೀನು ಹೇಳ್ಬೇಡ ಕಣೆ. ಹೇಳಲ್ಲ ಅನ್ನು."

"ಹೇಳಲ್ಲ" ಎಂದೆ.

ಹೋದ ವರ್ಷ ಜ್ಯೇಷ್ಠದಲ್ಲಿ ಬಾವು ಮಂಡಿಯನ್ನು ದಾಟಿತು. ಗುಳಿ ಬಿದ್ದರೆ, ನಾನು ಗಡಿಯಾರ ನೋಡುತ್ತಿದ್ದೆ, ಎರಡು ನಿಮಿಷವಾದರೂ ತುಂಬುತ್ತಿರಲಿಲ್ಲ. ಮಿಸ್ ಅಡಿಗಳನ್ನು ಹೇಳುವುದನ್ನು ಬಿಟ್ಟಿದ್ದರು. ಮಾತು ಕೊಟ್ಟಿದ್ದರೂ ಈ ಸಲ ದಾರಿಯಲ್ಲೇ ಡಾಕ್ಟರಿಗೆ ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡೆ. ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬ್ಯಾಗು ಹಿಡಿದು ನಡೆದೆ. ಅದನ್ನು ಆಡುವ ಮೊದಲೇ ಡಾಕ್ಟರು ಹೇಳಿದರು:

"ನೋಡಮ್ಮ, ಇದೇ ಕೊನೆ ಸಲ. ಇನ್ಮೇಲೆ ಮನೆಗಳಿಗೆ ಹೋಗೋದು ಬಿಟ್ಬಿಡ್ತೀನಿ. ಮಂಡಿ ಕೇಳಲ್ಲ. ಮೇಷ್ಟ್ರಮ್ಮನಿಗೆ ನಾನೇ ಹೇಳ್ತೀನಿ, ನೀನು ಬೇಜಾರು ಮಾಡ್ಕೋಬೇಡ."

ನಾನು ಬ್ಯಾಗನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದೆ. ಅಂಗಳದಲ್ಲಿ ಕಿವಿ, ಹೊಟ್ಟೆ, ಮೈಕೈನೋವು ಎಲ್ಲ ಆಯಿತು. ಮೇಲೆ ಕಾಫಿಯಾಯಿತು. ಎಳ್ಳೆಣ್ಣೆಯ ಮಾತಾಯಿತು. ಮಿಸ್ ಪ್ರತಿ ಮಾತಿನ ಕೊನೆಯಲ್ಲೂ ತುಟಿ ಮುಚ್ಚಿ ಮೂಗಿನಿಂದ ಉಸಿರೆಳೆಯುತ್ತಿದ್ದರು. ಡಾಕ್ಟರು ಅದನ್ನು ಮುಗುಳ್ನಗೆಯೆಂದುಕೊಂಡರು. ಲೋಟ ಕೆಳಗಿಟ್ಟು ಎದ್ದರು. ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ.

"ಡಾಕ್ಟ್ರೇ, ಕಾಲು ನೋಡಿ" ಎಂದೆ.

ಮಿಸ್ ನನ್ನ ಕಡೆ ನೋಡಿದರು. ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡಿದ ಹುಡುಗಿಯನ್ನು ಹಾಗೆ ನೋಡುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿದರು. ಡಾಕ್ಟರು ಕಂಬಳಿಯನ್ನು ಸರಿಸಿದರು. ಹೆಬ್ಬೆರಳಿನಿಂದ ಒತ್ತಿದರು. ತೆಗೆದರು. ಗುಳಿಯನ್ನೇ ನೋಡುತ್ತ ಮತ್ತೆ ಸ್ಟೂಲಿನ ಮೇಲೆ ಕೂತರು.

"ಎಷ್ಟು ದಿನದಿಂದ ಮೇಷ್ಟ್ರಮ್ಮ?"

ನಾನೇ ಎಲ್ಲ ಹೇಳಿದೆ. ದಿಂಬು, ರಾತ್ರಿ, ನೀಲಿ ತುಟಿ. ಅಷ್ಟು ಮಾತು ನಾನು ಒಟ್ಟಿಗೆ ಆಡಿದ್ದು ಕಡಿಮೆ.

"ಹೃದಯ ಸೋತಿದೆ," ಎಂದರು ಡಾಕ್ಟರು ಮೆಟ್ಟಿಲ ತಲೆಯಲ್ಲಿ ನಿಂತು, ನನಗೆ ಮಾತ್ರ ಕೇಳುವಂತೆ. "ನೀರಿಳಿಸೋ ಇಂಜೆಕ್ಷನ್ ಇದೆ. ದಿನ ಬಿಟ್ಟು ದಿನ ಕೊಡಬೇಕು, ಕೊಟ್ಟ ಮೇಲೆ ಪಕ್ಕದಲ್ಲಿ ಕೂತು ನಾಡಿ ನೋಡಬೇಕು. ಕಂಪೌಂಡರ್ ಕೈಲಿ ಕಳಿಸೋ ಔಷಧಿ ಅಲ್ಲಮ್ಮ ಅದು. ಆಸ್ಪತ್ರೆಗೆ ಸೇರಿಸೋದೇ ಸರಿ."

"ಇಳಿಸೋಕಾಗಲ್ಲ ಡಾಕ್ಟ್ರೇ. ಒಂದು ಸಲ ನೋಡಿದ್ವಿ."

ಅವರು ಗೋಡೆಗೆ ಕೈಯಿಟ್ಟು ಕತ್ತಲೆಯ ತಿರುವನ್ನು ನೋಡಿದರು. "ನನಗೆ ಹತ್ತೋಕಾಗಲ್ಲ. ಅವರಿಗೆ ಇಳಿಯೋಕಾಗಲ್ಲ" ಎಂದರು. "ಬೇರೆ ಯಾರನ್ನಾದ್ರೂ ಕೇಳಿ. ವಯಸ್ಸಲ್ಲಿ ಚಿಕ್ಕೋರನ್ನ. ಚೀಟಿ ಬರೆದುಕೊಡ್ತೀನಿ."

ಒಳಗೆ ಹೋದಾಗ ಮಿಸ್ ಕಂಬಳಿಯನ್ನು ಮತ್ತೆ ಎಳೆದುಕೊಂಡಿದ್ದರು. "ಹೇಳಿಬುಟ್ಟೆ" ಎಂದರು. ಅಷ್ಟೇ. ಬೈಯಲಿಲ್ಲ. ನಾನು ಲೋಟ ತೊಳೆದಿಟ್ಟು ಮನೆಗೆ ಬಂದೆ.

ಆ ಚೀಟಿ ಹಿಡಿದು ಒಂದು ವಾರ ಅಲೆದೆ. ಒಬ್ಬರು ಡಾಕ್ಟರು, ತಾವು ಮನೆಗಳಿಗೆ ಹೋಗುವುದಿಲ್ಲ, ಕರೆದುಕೊಂಡು ಬನ್ನಿ ಎಂದರು. ಬನ್ನಿಮಂಟಪದ ಹತ್ತಿರ ಮನೆಯಿದ್ದವರು ಸಮಾಧಾನವಾಗಿ ಎಲ್ಲ ಕೇಳಿ, ಅಷ್ಟು ದೂರ ದಿನ ಬಿಟ್ಟು ದಿನ ಬರುವುದು ಹೇಗೆ, ನೀವೇ ಯೋಚಿಸಿ ಎಂದರು. ನಾನು ಯೋಚಿಸಿದೆ, ಅವರು ಹೇಳಿದ್ದು ತಪ್ಪೆನಿಸಲಿಲ್ಲ. ಮೂರನೆಯವರು ರೋಗಿ ನನಗೆ ಏನಾಗಬೇಕು ಎಂದು ಕೇಳಿದರು. ಏನೂ ಆಗಬೇಕಿಲ್ಲ ಎಂದಾಗ, ಹತ್ತಿರದವರು ಯಾರಾದರೂ ಬರಲಿ ಎಂದರು. ನಾಲ್ಕನೆಯವರು ಹೊಸದಾಗಿ ದವಾಖಾನೆ ತೆರೆದಿದ್ದವರು, ಸ್ಕೂಟರಿನವರು, ಒಪ್ಪಿಕೊಂಡರು.

ಅವರು ಹೇಳಿದ ದಿನವೇ ಬಂದರು. ಬ್ಯಾಗನ್ನು ನನ್ನ ಕೈಗೆ ಕೊಡದೆ ತಾವೇ ಹಿಡಿದುಕೊಂಡರು. ಬಿರುಸಾಗಿ ಅಂಗಳಕ್ಕೆ ಕಾಲಿಟ್ಟರು. ಐದು ಬಾಗಿಲೂ ತೆರೆದುಕೊಂಡವು.

"ಹೇಗೂ ಬಂದಿದ್ದೀರಲ್ಲ ಡಾಕ್ಟ್ರೇ..."

ಇದು ಅವರಿಗೆ ಹೊಸದು. ಇಲ್ಲವೆನ್ನಲು ಗೊತ್ತಿರಲಿಲ್ಲ. ನಲ್ಲಿಯ ಕಟ್ಟೆಯ ಮೇಲೆ ಬ್ಯಾಗು ಬಿಚ್ಚಿದರು. ಒಬ್ಬರಾದ ಮೇಲೆ ಒಬ್ಬರು. ನಾನು ಪದ್ದಮ್ಮನ ಹತ್ತಿರ ಹೋಗಿ, "ಮೇಲೆ ಮಿಸ್ ಕಾಯ್ತಿದಾರೆ" ಎಂದೆ. "ಒಂದೇ ನಿಮಿಷ ಕಣೆ, ಈ ಕೂಸಿನ ಎದೆ ಗೊರಗೊರ ಅಂತಿದೆ, ಕೇಳಿಸ್ಕೊ" ಎಂದರು. ನಿಜವಾಗಿಯೂ ಗೊರಗೊರ ಎನ್ನುತ್ತಿತ್ತು. ಮೇಲಿನ ಕಿಟಕಿಯಿಂದ ಈ ಸಲ ಧ್ವನಿ ಬರಲಿಲ್ಲ. ಕೋಲು ಕುಟ್ಟಿದ ಸದ್ದು ಬಂತು. ಮೂರು. ಸ್ವಲ್ಪ ಬಿಟ್ಟು ಮತ್ತೆ ಮೂರು. ನಾನು ತಲೆಯೆತ್ತಿದೆ, ಪದ್ದಮ್ಮನೂ ತಲೆಯೆತ್ತಿದರು. ಡಾಕ್ಟರು ಗಡಿಯಾರ ನೋಡಿಕೊಂಡರು. ದವಾಖಾನೆಯಲ್ಲಿ ಜನ ಕಾಯುತ್ತಿದ್ದಾರೆ, ನಾಳೆ ಇದೇ ಹೊತ್ತಿಗೆ ಬಂದು ನೇರವಾಗಿ ಮೇಲೇ ಹೋಗುತ್ತೇನೆ ಎಂದರು. ಸ್ಕೂಟರಿನ ಸದ್ದು ಬೀದಿಯ ತುದಿಯವರೆಗೂ ಕೇಳುತ್ತಿತ್ತು.

ಮೇಲೆ ಹೋಗಿ ಹೇಳಿದೆ. ಮಿಸ್ ತಲೆಯಾಡಿಸಿದರು. "ಆ ಕೂಸು ಹೆಂಗಿದೆ?" ಎಂದು ಕೇಳಿದರು.

ಮರುದಿನ ಕಾಲೇಜಿನಿಂದ ಬೇಗ ಬಂದು ನೇರವಾಗಿ ಅಲ್ಲಿಗೇ ಹೋದೆ. ತುಟಿಯ ಮೇಲೆ ಬೆರಳಿಟ್ಟರು. ತಲೆ ಬಾಚಿತ್ತು. ಗಂಜಿ ಸೀರೆ. ಆದರೆ ಮೂರು ದಿಂಬೂ ಬೆನ್ನ ಹಿಂದೆಯೇ ಇದ್ದವು. ಕಂಬಳಿ ಮಡಿಸಿ ಗೋಡೆಯ ಹತ್ತಿರ ಇಟ್ಟಿತ್ತು. ಎರಡು ಕಾಲನ್ನೂ ಬಾಗಿಲ ಕಡೆಗೆ ಚಾಚಿ, ಸೀರೆಯನ್ನು ತಾವೇ ಮಂಡಿಯವರೆಗೆ ಸರಿಸಿಕೊಂಡು ಕೂತಿದ್ದರು. ಚರ್ಮ ಬಿಗಿದು ಹೊಳೆಯುತ್ತಿತ್ತು. ಬಂದವರು ಬಾಗಿಲಲ್ಲಿ ನಿಂತರೂ ಸಾಕು, ಕಾಣುವಂತೆ.

ಸ್ಟೌ ಹಚ್ಚಲು ಹೋದಾಗ ಬೇಡವೆಂದು ಕೈಯಾಡಿಸಿದರು. ಕಾಫಿ ಬೇಡ. ನಾನು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತೆ. ಬೀದಿಯಲ್ಲಿ ಸ್ಕೂಟರಿನ ಸದ್ದಾದಾಗಲೆಲ್ಲ ಮಿಸ್ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಐದು ಗಂಟೆ, ಆರು ಗಂಟೆ. ಬೆಟ್ಟದ ಮೇಲೆ ದೀಪ ಹತ್ತಿತು. "ನಾಳೆ ಬರ್ತಾರೆ ಮಿಸ್" ಎಂದೆ. ಅವರು ಇಡೀ ದಿನ ಕೂಡಿಟ್ಟಿದ್ದ ಉಸಿರಿನಲ್ಲಿ, "ಮಳೆ ಬರೋ ಹಂಗಿದೆ, ನೀನು ಹೊರಡು" ಎಂದರು. ಕಾಲು ಮುಚ್ಚಲೇ ಎಂದು ಕೇಳಿದೆ. "ಇರಲಿ ಬುಡು" ಎಂದರು.

ಬೆಳಿಗ್ಗೆ ಪದ್ದಮ್ಮ ಕಾಫಿ ಸೋಸಿಟ್ಟು ಸೂರು ನೋಡುತ್ತ ನಿಂತಿದ್ದರಂತೆ. ಕಾಫಿ ಆರಿತು. ಆಮೇಲೆ ನಮ್ಮ ಮನೆಗೆ ಓಡಿಬಂದರು.

ಸ್ಕೂಟರಿನ ಡಾಕ್ಟರು ಅವತ್ತು ಸಂಜೆ ಬಂದರೆಂದು ಕೇಳಿದೆ. ಹಿಂದಿನ ದಿನ ಹೆರಿಗೆಯೊಂದಕ್ಕೆ ಹೋಗಬೇಕಾಗಿ ಬಂದಿತ್ತಂತೆ. ಬೀದಿಯಲ್ಲೇ ಯಾರೋ ಸುದ್ದಿ ಹೇಳಿದ್ದರಿಂದ ಹಾಗೆಯೇ ತಿರುಗಿ ಹೋದರು.

ನಮ್ಮ ಹಳೆಯ ಡಾಕ್ಟರು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೇ ಬಂದಿದ್ದರು. ಯಾರೂ ಕರೆಯಲು ಹೋಗಿರಲಿಲ್ಲ. ಐದು ಮನೆಯವರೂ ಅಂಗಳದಲ್ಲೇ ನಿಂತಿದ್ದರು. ಅವರನ್ನು ಕಂಡು ಎಲ್ಲರೂ ಗೋಡೆಯ ಕಡೆಗೆ ಸರಿದು ದಾರಿ ಬಿಟ್ಟರು. ಒಬ್ಬರೂ ತಡೆಯಲಿಲ್ಲ. ಒಂದು ಕೈ ಗೋಡೆಗೆ, ಒಂದು ಕೈ ಮಂಡಿಗೆ ಕೊಟ್ಟು, ಹನ್ನೊಂದನೆಯದರಲ್ಲೂ ನಿಲ್ಲದೆ, ಅವರು ಮೆಟ್ಟಿಲು ಹತ್ತಿ ಬಂದರು.

ನಾನು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ. ಅಭ್ಯಾಸದಿಂದ ಬ್ಯಾಗಿಗೆ ಕೈ ಚಾಚಿದೆ. ಅವರು ಬ್ಯಾಗು ತಂದಿರಲಿಲ್ಲ.